ತೂಕ ಇಳಿಸುವ ಆಪರೇಷನ್ ಆದ ಮೇಲೆ ವಿಟಮಿನ್ ಮಾತ್ರೆ, ರಕ್ತ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ಗ್ಯಾಸ್ಟ್ರಿಕ್ ಬೈಪಾಸ್ ಆಗಿ ಏಳು ವರ್ಷ ಆಯ್ತು. ತೀರ್ಥಹಳ್ಳಿ ಕಡೆ ಮನೆ, ಒಂದಿಷ್ಟು ಅಡಿಕೆ ತೋಟ. ಆಪರೇಷನ್ ಆದವರು, ಮಾಡಿಸಿಕೊಳ್ಳಬೇಕು ಅಂತಿರುವವರು, ಅವರ ಮನೆಯವರು ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಫೋನಿನಲ್ಲಿ, ಒಬ್ಬರಂತೂ ಕಾಗದ ಬರೆದು ಕೇಳಿದ ಪ್ರಶ್ನೆಗಳು ಇವು. ನಾನು ಡಾಕ್ಟರ್ ಅಲ್ಲ. ಇಲ್ಲಿರುವ ಅಳತೆಗಳು ಹೆಚ್ಚಿನವು ಅಮೆರಿಕದ ಮೆಟಬಾಲಿಕ್ ಮತ್ತು ಬೇರಿಯಾಟ್ರಿಕ್ ಸರ್ಜರಿ ಸಂಘ 2016ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯವು. ನಿಮ್ಮ ಸರ್ಜನ್ ಬರೆದ ಚೀಟಿಯಲ್ಲಿ ಬೇರೆ ಇದ್ದರೆ ಚೀಟಿಯೇ ಸರಿ.

## ಮೊದಲು ಕೇಳುವವು

"ಆಪರೇಷನ್ ಮಾಡಿಸಿದ್ದು ತೂಕಕ್ಕೆ. ಅದಕ್ಕೂ ವಿಟಮಿನ್ ಮಾತ್ರೆಗೂ ಏನಕ್ಕಾ ಸಂಬಂಧ?"

ಶಿವಮೊಗ್ಗದ ಬಸ್ಸು ಊರೊಳಗೆ ಬರದೆ ಬೈಪಾಸ್ ರಸ್ತೆ ಹಿಡಿದು ಹೋಯಿತು ಅಂದುಕೊಳ್ಳಿ. ಊರೊಳಗೆ ಇಳಿಯಬೇಕಾದವರು ಎಲ್ಲಿ ಇಳಿಯಬೇಕು? ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಆಗುವುದು ಇದೇ. ಹೊಟ್ಟೆಯ ಮೇಲ್ಭಾಗದಲ್ಲಿ ಸುಮಾರು 30 ಮಿಲೀ ಹಿಡಿಯುವ ಸಣ್ಣ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಕಬ್ಬಿಣ, ಕ್ಯಾಲ್ಸಿಯಂ ಹೆಚ್ಚಾಗಿ ರಕ್ತಕ್ಕೆ ಇಳಿಯುವ ನಿಲ್ದಾಣ ಕರುಳಿನ ಮೊದಲ ಭಾಗದಲ್ಲಿದೆ. ಊಟ ಈಗ ಆ ದಾರಿಯಲ್ಲಿ ಹೋಗುವುದೇ ಇಲ್ಲ.

ಬಿ12ರ ಕತೆ ಬೇರೆ. ಅದು ಇಳಿಯುವುದು ಸಣ್ಣ ಕರುಳಿನ ತುದಿಯಲ್ಲಿ. ಆದರೆ ಇಳಿಯಬೇಕಾದರೆ ಹೊಟ್ಟೆಯ ಗೋಡೆಯಲ್ಲಿ ತಯಾರಾಗುವ 'ಇಂಟ್ರಿನ್ಸಿಕ್ ಫ್ಯಾಕ್ಟರ್' ಅನ್ನುವ ಪ್ರೋಟೀನು ಜೊತೆಗಿರಬೇಕು. ಹೊಟ್ಟೆಯ ಬಹುಪಾಲು ಬದಿಗೆ ಸರಿದ ಮೇಲೆ ಆ ಜೊತೆಗಾರ ಸಿಗುವುದು ಕಷ್ಟ.

"ನಂದು ಬರೀ ಸ್ಲೀವ್. ಕರುಳು ಮುಟ್ಟಿಲ್ಲ. ನಂಗೂ ಬೇಕಾ?"

ಬೇಕು. ಸ್ಲೀವ್‌ನಲ್ಲಿ ಹೊಟ್ಟೆಯ ಸುಮಾರು ಮುಕ್ಕಾಲು ಭಾಗ ಕತ್ತರಿಸಿ ತೆಗೆದಿರುತ್ತಾರೆ. ಆಮ್ಲ ಕಡಿಮೆ, ಇಂಟ್ರಿನ್ಸಿಕ್ ಫ್ಯಾಕ್ಟರ್ ಕಡಿಮೆ, ಊಟವಂತೂ ಎರಡು ತುತ್ತು. ಬೈಪಾಸ್‌ನಷ್ಟು ಕೊರತೆ ಆಗದಿರಬಹುದು, ಆದರೆ ಆಗುತ್ತದೆ.

"ಎಷ್ಟು ದಿನ ತಗೋಬೇಕು?"

ಬದುಕಿರುವಷ್ಟು ದಿನ. ಈ ಉತ್ತರ ಕೇಳಿ ಬೇಜಾರಾಗುವವರು ಆಪರೇಷನ್‌ಗೆ ಮೊದಲೇ ಬೇಜಾರು ಮಾಡಿಕೊಳ್ಳುವುದು ಒಳ್ಳೆಯದು.

"ಯಾವುದು ಎಷ್ಟು ಅಂತ ಒಂದೇ ಕಡೆ ಬರೆದುಕೊಡಿ"

ಸ್ಲೀವ್, ಬೈಪಾಸ್ ಆದ ದೊಡ್ಡವರಿಗೆ ದಿನದ ಲೆಕ್ಕ ಸುಮಾರಾಗಿ ಹೀಗಿದೆ. ಕ್ಯಾಲ್ಸಿಯಂ 1200ರಿಂದ 1500 ಮಿಲಿಗ್ರಾಂ. ವಿಟಮಿನ್ ಡಿ 3000 ಯೂನಿಟ್, ರಕ್ತದಲ್ಲಿ 30 ನ್ಯಾನೋಗ್ರಾಂ ದಾಟುವವರೆಗೆ. ಕಬ್ಬಿಣ ಮುಟ್ಟಾಗುವ ಹೆಂಗಸರಿಗೆ, ಬೈಪಾಸ್ ಆದವರಿಗೆ 45ರಿಂದ 60 ಮಿಲಿಗ್ರಾಂ. ಕೊರತೆಯ ಸಾಧ್ಯತೆ ಕಡಿಮೆ ಇರುವ ಗಂಡಸರಿಗೆ 18 ಸಾಕಾಗಬಹುದು. ಬಿ12 ಬಾಯಿಂದಾದರೆ ದಿನಕ್ಕೆ 350ರಿಂದ 500 ಮೈಕ್ರೋಗ್ರಾಂ, ಇಲ್ಲವೇ ತಿಂಗಳಿಗೊಂದು 1000 ಮೈಕ್ರೋಗ್ರಾಂ ಇಂಜೆಕ್ಷನ್. ಬಿ1, ಅಂದರೆ ಥಯಾಮಿನ್, ಕನಿಷ್ಠ 12 ಮಿಲಿಗ್ರಾಂ. ಫೋಲಿಕ್ ಆ್ಯಸಿಡ್ 400ರಿಂದ 800 ಮೈಕ್ರೋಗ್ರಾಂ. ವಿಟಮಿನ್ ಎ, ಸತು, ತಾಮ್ರ ಒಳ್ಳೆಯ ಮಲ್ಟಿವಿಟಮಿನ್‌ನಲ್ಲಿ ಬಂದಿರುತ್ತವೆ. ಆದರೂ ಡಬ್ಬಿ ತಿರುಗಿಸಿ ಓದಿ. ಕರುಳನ್ನು ಇನ್ನೂ ಉದ್ದಕ್ಕೆ ಬಿಟ್ಟು ಜೋಡಿಸುವ ಡುಯೋಡಿನಲ್ ಸ್ವಿಚ್ ಆದವರಿಗೆ ಈ ಲೆಕ್ಕ ಸಾಲದು. ಕ್ಯಾಲ್ಸಿಯಂ ಒಂದೇ 1800ರಿಂದ 2400 ಬೇಕಾಗುತ್ತದೆ.

ಒಂದು ಎಚ್ಚರಿಕೆ. ಅಂಗಡಿಯಲ್ಲಿ ಸಿಗುವ ಕೆಲವು ಬಿ-ಕಾಂಪ್ಲೆಕ್ಸ್ ಮಾತ್ರೆಗಳಲ್ಲಿ ಬಿ12 ಇರುವುದು ಬರೀ 15 ಮೈಕ್ರೋಗ್ರಾಂ. ಹೆಸರಿನಲ್ಲಿ ಬಿ ಇದೆ ಅಂತ ಸುಮ್ನೆ ನಂಬಬೇಡಿ.

"ಮನೆ ಊಟದಲ್ಲೇ ಎಲ್ಲಾ ಇದೆಯಲ್ವಾ, ರಾಗಿ, ನುಗ್ಗೆ ಸೊಪ್ಪು, ಒಂದೆಲಗದ ತಂಬುಳಿ. ಮಾತ್ರೆ ಯಾಕೆ ಅಂತಾರೆ ನಮ್ಮತ್ತೆ"

ನಿಮ್ಮ ಅತ್ತೆ ಹೇಳುವುದರಲ್ಲಿ ತಪ್ಪಿಲ್ಲ, ಹೊಟ್ಟೆ ಹಳೇ ಹೊಟ್ಟೆ ಆಗಿದ್ದರೆ. ಲೆಕ್ಕ ಹಾಕಿ ನೋಡಿ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಕ್ಯಾಲ್ಸಿಯಂ ಸುಮಾರು 350 ಮಿಲಿಗ್ರಾಂ. 1200 ಆಗಬೇಕಾದರೆ ದಿನಕ್ಕೆ ಮುನ್ನೂರ ನಲವತ್ತು ಗ್ರಾಂ ಹಿಟ್ಟು ಹೊಟ್ಟೆಗೆ ಹೋಗಬೇಕು. ನಾನು ಮೊದಲ ವರ್ಷ ಒಂದು ಅಕ್ಕಿ ರೊಟ್ಟಿಯ ಕಾಲು ಭಾಗ ತಿಂದು ಕೈ ತೊಳೆಯುತ್ತಿದ್ದೆ. ಅದೂ ಅಲ್ಲದೆ ಮೊದಲು ಹೊಟ್ಟೆ ಸೇರಬೇಕಾದ್ದು ಪ್ರೋಟೀನು, ದಿನಕ್ಕೆ ಕನಿಷ್ಠ 60 ಗ್ರಾಂ. ಬೇಳೆ, ಮೊಸರು, ಪನೀರ್, ಮೊಟ್ಟೆ, ಮೀನಿಗೇ ಜಾಗ ಸಾಲದು. ತಂಬುಳಿ ಊಟಕ್ಕೆ ಇರಲಿ, ಅದು ಮಾತ್ರೆಯ ಕೆಲಸ ಮಾಡುವುದಿಲ್ಲ.

ಇದರ ಜೊತೆಗೇ ಬರುವ ಇನ್ನೊಂದು ಪ್ರಶ್ನೆ, ಎಲೆಗೆ ಹಚ್ಚುವ ಸುಣ್ಣದಲ್ಲಿ ಕ್ಯಾಲ್ಸಿಯಂ ಇಲ್ಲವಾ ಅಂತ. ಸುಣ್ಣದಲ್ಲಿ ಕ್ಯಾಲ್ಸಿಯಂ ಇರುವುದು ನಿಜ, ಆದರೆ ಎಷ್ಟು ಹೋಯಿತು ಅಂತ ಯಾರೂ ಅಳೆಯಲಾರರು. ಅಡಿಕೆ ಅಗಿಯುವುದರಿಂದ ಬಾಯಿ ಕ್ಯಾನ್ಸರ್ ಬರುತ್ತದೆ ಅನ್ನುವುದೂ ಗಟ್ಟಿಯಾಗಿರುವ ಮಾತೇ. ಅಡಿಕೆ ಬೆಳೆದು ಊಟ ಮಾಡುವವಳು ನಾನು, ಹೇಳಲು ಬಾಯಿ ಬರುವುದಿಲ್ಲ, ಆದರೂ ಹೇಳಿದ್ದೇನೆ.

## ಮಾತ್ರೆ ನುಂಗುವ ಲೆಕ್ಕ

"ಎಲ್ಲಾ ಒಂದೇ ಸಲ ನುಂಗಿ ಮುಗಿಸಿಬಿಡ್ಲಾ?"

ಬೇಡ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಆಗಿಬರುವುದಿಲ್ಲ, ಒಂದು ಇನ್ನೊಂದನ್ನು ತಡೆಯುತ್ತದೆ. ನಡುವೆ ಕನಿಷ್ಠ ಎರಡು ಗಂಟೆ ಬಿಡಬೇಕು. ಕ್ಯಾಲ್ಸಿಯಂ ಕೂಡ ಒಂದು ಸಲಕ್ಕೆ 500, 600 ಮಿಲಿಗ್ರಾಂಗಿಂತ ಜಾಸ್ತಿ ಹೀರಿಕೊಳ್ಳುವುದಿಲ್ಲ. ಹಾಗಾಗಿ ಒಂದೂವರೆ ಸಾವಿರವನ್ನು ಮೂರು ಸಲಕ್ಕೆ ಹಂಚಬೇಕು.

ನನ್ನ ದಿನ ಹೀಗಿದೆ. ಬೆಳಗ್ಗೆ ಆರಕ್ಕೆ ಕಬ್ಬಿಣದ ಮಾತ್ರೆ, ಜೊತೆಗೆ ಅರ್ಧ ಲೋಟ ನಿಂಬೆ ನೀರು. ವಿಟಮಿನ್ ಸಿ ಇದ್ದರೆ ಕಬ್ಬಿಣ ಚೆನ್ನಾಗಿ ಇಳಿಯುತ್ತದೆ. ಕಾಫಿ ಏಳೂವರೆಗೆ. ಈ ಒಂದೂವರೆ ಗಂಟೆ ಮಲೆನಾಡಿನಲ್ಲಿ, ಅದೂ ಜುಲೈ ತಿಂಗಳ ಮಳೆಯಲ್ಲಿ, ಎಷ್ಟು ಉದ್ದ ಅಂತ ನಿಮಗೇ ಗೊತ್ತು. ಆದರೆ ಕಾಫಿ, ಚಹಾದಲ್ಲಿರುವ ಒಗರು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹತ್ತೂವರೆಗೆ ಮೊದಲ ಕ್ಯಾಲ್ಸಿಯಂ. ಮಧ್ಯಾಹ್ನ ಒಂದಕ್ಕೆ ಊಟದ ಜೊತೆ ಮಲ್ಟಿವಿಟಮಿನ್. ನಾಲ್ಕಕ್ಕೆ ಎರಡನೇ ಕ್ಯಾಲ್ಸಿಯಂ, ರಾತ್ರಿ ಒಂಬತ್ತಕ್ಕೆ ಮೂರನೆಯದು. ಮಧ್ಯಾಹ್ನದ್ದನ್ನು ನಡುವೆ ಇಟ್ಟದ್ದು ಯಾಕೆಂದರೆ ಅದರಲ್ಲೂ ಕಬ್ಬಿಣ ಇದೆ.

ಥೈರಾಯ್ಡ್ ಮಾತ್ರೆ ಇರುವವರು ಅದನ್ನು ಬೆಳಗ್ಗೆ ಖಾಲಿ ಹೊಟ್ಟೆಗೆ ತೆಗೆದುಕೊಂಡು, ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ನಾಲ್ಕು ಗಂಟೆ ದೂರ ಇಡಬೇಕು. ಅಂಥವರು ಕಬ್ಬಿಣವನ್ನು ಮಧ್ಯಾಹ್ನಕ್ಕೆ ಸರಿಸಿಕೊಳ್ಳಬಹುದು.

"ಕ್ಯಾಲ್ಸಿಯಂ ಸಿಟ್ರೇಟ್ ಕೇಳಿದ್ರೆ ಮೆಡಿಕಲ್‌ನವ್ರು ಬೇರೆ ಕೊಡ್ತಾರೆ. ಎರಡೂ ಒಂದೇ ಅಂತಾರೆ"

ಒಂದೇ ಅಲ್ಲ. ಸಾಮಾನ್ಯವಾಗಿ ಸಿಗುವುದು ಕಾರ್ಬೊನೇಟ್. ಅದು ಕರಗಲು ಹೊಟ್ಟೆಯ ಆಮ್ಲ ಬೇಕು. ನಮ್ಮಲ್ಲಿ ಆಮ್ಲವೇ ಕಡಿಮೆ. ಅದರ ಮೇಲೆ ಗ್ಯಾಸ್ ಮಾತ್ರೆ ಬೇರೆ ನುಂಗುತ್ತೇವೆ. ಸಿಟ್ರೇಟ್‌ಗೆ ಆ ತೊಂದರೆ ಇಲ್ಲ, ಊಟದ ಜೊತೆಗೂ ಆಗುತ್ತದೆ, ಊಟ ಇಲ್ಲದೆಯೂ ಆಗುತ್ತದೆ. ಸಿಟ್ರೇಟ್ ಸಿಗಲೇ ಇಲ್ಲ ಅಂದರೆ ಕಾರ್ಬೊನೇಟನ್ನು ಊಟದ ಜೊತೆಗೇ ತೆಗೆದುಕೊಳ್ಳಿ, ಏನೂ ಇಲ್ಲದ್ದಕ್ಕಿಂತ ವಾಸಿ.

ಶೀಟಿನ ಹಿಂದೆ ಬರೆದ ಅಂಕಿಯೂ ಮೋಸ ಮಾಡುತ್ತದೆ. 'ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿಲಿಗ್ರಾಂ' ಎಂದಿದ್ದರೆ ಅದರಲ್ಲಿ ನಿಜವಾದ ಕ್ಯಾಲ್ಸಿಯಂ 500. 'ಸಿಟ್ರೇಟ್ 1000' ಎಂದಿದ್ದರೆ ಅದರಲ್ಲಿರುವುದು ಸುಮಾರು 210 ಅಷ್ಟೇ. ನಮ್ಮ ನೆಂಟರೊಬ್ಬರು ಒಂದು ಸಿಟ್ರೇಟ್ ನುಂಗಿ ಸಾವಿರ ಆಯಿತು ಅಂತ ಎರಡು ವರ್ಷ ಲೆಕ್ಕ ಹಾಕುತ್ತಿದ್ದರು. ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರದಲ್ಲಿ 'ಎಲಿಮೆಂಟಲ್' ಅಂತ ಇರುವ ಸಾಲನ್ನು ಹುಡುಕಿ.

"ಆಶಾ ಕಾರ್ಯಕರ್ತೆ ಕೊಡೋ ಕಬ್ಬಿಣದ ಮಾತ್ರೆ ಸಾಕಾ?"

ಈಗ ಸರ್ಕಾರದಿಂದ ದೊಡ್ಡವರಿಗೆ ಬರುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಇರುತ್ತದೆ. ಕಬ್ಬಿಣದ ಮಟ್ಟಿಗೆ ಅಳತೆ ಸರಿಯೇ ಇದೆ, ಡಾಕ್ಟರಿಗೆ ಹೇಳಿ ಬಳಸಬಹುದು. ಬಿ12, ಬಿ1, ಡಿ ಅದರಲ್ಲಿಲ್ಲ. ಕಬ್ಬಿಣ ತೆಗೆದುಕೊಂಡರೆ ಮಲ ಕಪ್ಪಾಗುವುದು ಸಹಜ. ಆದರೆ ಟಾರಿನ ಹಾಗೆ ಅಂಟಂಟಾಗಿ, ಕೆಟ್ಟ ವಾಸನೆ ಬಂದು, ತಲೆ ಸುತ್ತಿದರೆ ಅದು ಮಾತ್ರೆಯ ಬಣ್ಣವಲ್ಲ, ಒಳಗೆ ರಕ್ತ ಸೋರುತ್ತಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ.

"ಮಕ್ಕಳು ತಿನ್ನೋ ಗಮ್ಮಿ ವಿಟಮಿನ್ ಆಗಲ್ವಾ? ರುಚಿ ಇರುತ್ತೆ"

ಹೆಚ್ಚಿನವುಗಳಲ್ಲಿ ಕಬ್ಬಿಣವೇ ಇರುವುದಿಲ್ಲ. ಮಿಠಾಯಿ ಅಂದುಕೊಂಡು ತಿನ್ನಿ.

"ದಿನಾ ಬಿಸಿಲಲ್ಲಿ ತೋಟದ ಕೆಲಸ ಮಾಡ್ತೀನಿ, ವಿಟಮಿನ್ ಡಿ ಹೇಗೆ ಕಮ್ಮಿ ಬಂತು?"

ಅಡಿಕೆ ತೋಟದೊಳಗೆ ಬಿಸಿಲು ಎಲ್ಲಿದೆ? ಮೇಲೆ ಸೋಗೆಯ ಚಪ್ಪರ, ಮೈಮೇಲೆ ತುಂಬು ತೋಳಿನ ಅಂಗಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ. ಆಗುಂಬೆ ಕಡೆಯವರು ಸೂರ್ಯನನ್ನು ನೋಡಿ ಎಷ್ಟು ದಿನ ಆಯಿತು ಅಂತ ಬೆರಳು ಮಡಿಸಿ ಎಣಿಸುತ್ತಾರೆ.

ಕೊರತೆ ಇದ್ದರೆ ನಮ್ಮ ಕಡೆ ಡಾಕ್ಟರು ಬರೆಯುವುದು 60,000 ಯೂನಿಟ್ಟಿನ ಪುಡಿ ಪ್ಯಾಕೆಟ್ ಅಥವಾ ಕ್ಯಾಪ್ಸೂಲ್. ಅದು ವಾರಕ್ಕೊಂದು, ಅದೂ ಡಾಕ್ಟರು ಹೇಳಿದಷ್ಟೇ ವಾರ. ದಿನಕ್ಕೊಂದು ಅಂತ ತಪ್ಪು ತಿಳಿದು ತಿಂಗಳುಗಟ್ಟಲೆ ತೆಗೆದುಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟಾಗುತ್ತದೆ. ಬಿ ಗುಂಪಿನವು ಜಾಸ್ತಿಯಾದರೆ ಬಹುಮಟ್ಟಿಗೆ ಮೂತ್ರದಲ್ಲಿ ಹೋಗುತ್ತವೆ. ಎ ಮತ್ತು ಡಿ ಹಾಗಲ್ಲ, ಮೈಯಲ್ಲೇ ಉಳಿಯುತ್ತವೆ. ಕೊಬ್ಬಿನಂಶ ಇರುವ ಊಟದ ಜೊತೆ ತೆಗೆದುಕೊಳ್ಳಿ.

"ಕ್ಯಾಲ್ಸಿಯಂ ಮಾತ್ರೆ ತಿಂದ್ರೆ ಕಿಡ್ನಿ ಸ್ಟೋನ್ ಆಗುತ್ತಂತೆ?"

ಬೈಪಾಸ್ ಆದವರಲ್ಲಿ ಕಲ್ಲಾಗುವ ಸಾಧ್ಯತೆ ಹೆಚ್ಚು, ಅದು ನಿಜ. ಆದರೆ ಅಲ್ಲಿ ಕಳ್ಳ ಆಕ್ಸಲೇಟ್. ಪತ್ರೊಡೆಗೆ ಹುಳಿ ಕಮ್ಮಿಯಾದರೆ ಗಂಟಲು ತುರಿಸುತ್ತದಲ್ಲ, ಕೆಸುವಿನ ಎಲೆಯ ಆ ಸೂಜಿ ಹರಳುಗಳು ಆಕ್ಸಲೇಟಿನವೇ. ಊಟದ ಜೊತೆ ಕ್ಯಾಲ್ಸಿಯಂ ಇದ್ದರೆ ಅದು ಆಕ್ಸಲೇಟನ್ನು ಕರುಳಿನಲ್ಲೇ ಕಟ್ಟಿಹಾಕಿ ಹೊರಗೆ ಕಳಿಸುತ್ತದೆ. ಕ್ಯಾಲ್ಸಿಯಂ ಬಿಟ್ಟರೆ ಆಕ್ಸಲೇಟ್ ರಕ್ತಕ್ಕೆ ಹೋಗಿ ಕಿಡ್ನಿ ಸೇರುತ್ತದೆ. ನೀರು ಗುಟುಕು ಗುಟುಕಾಗಿ ದಿನವಿಡೀ ಕುಡಿಯಿರಿ. ಮೊದಲೇ ಕಲ್ಲಿದ್ದವರು ಪಾಲಕ್, ಕೆಸುವಿನ ಮೇಲೆ ಹಿಡಿತ ಇಟ್ಟುಕೊಂಡು, ಡಾಕ್ಟರನ್ನು ಕೇಳಿ ಮುಂದುವರಿಸಿ.

## ಲ್ಯಾಬ್, ರಿಪೋರ್ಟ್

"ಯಾವಾಗ್ಯಾವಾಗ ಟೆಸ್ಟ್ ಮಾಡಿಸ್ಬೇಕು? ಏನೂ ತೊಂದ್ರೆ ಇಲ್ಲದಿದ್ರೂ ಬೇಕಾ?"

ಮೊದಲ ವರ್ಷ ಮೂರು, ಆರು, ಹನ್ನೆರಡನೇ ತಿಂಗಳಿಗೆ. ಆಮೇಲೆ ವರ್ಷಕ್ಕೊಮ್ಮೆ, ನಿಲ್ಲಿಸದೆ. ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ಕಬ್ಬಿಣದ ದಾಸ್ತಾನು), ಬಿ12, ಫೋಲೇಟ್ (ಫೋಲಿಕ್ ಆ್ಯಸಿಡ್), ವಿಟಮಿನ್ ಡಿ, ಕ್ಯಾಲ್ಸಿಯಂ, ಪಿಟಿಎಚ್ (ಮೂಳೆಯಿಂದ ಕ್ಯಾಲ್ಸಿಯಂ ತೆಗೆಸುವ ಹಾರ್ಮೋನು), ಆಲ್ಬುಮಿನ್ (ರಕ್ತದಲ್ಲಿರುವ ಪ್ರೋಟೀನು), ಲಿವರ್, ಕಿಡ್ನಿ, ಸಕ್ಕರೆ ಇಷ್ಟು ಎಲ್ಲರಿಗೂ. ಬೈಪಾಸ್ ಆದವರಿಗೆ ವಿಟಮಿನ್ ಎ, ಸತು, ತಾಮ್ರವನ್ನೂ ಸೇರಿಸುತ್ತಾರೆ. ಎರಡು ವರ್ಷವಾದ ಮೇಲೆ ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್.

ತೊಂದರೆ ಇಲ್ಲದಾಗಲೇ ಬೇಕು ಇದು. ಬಿ12 ಲಿವರಿನಲ್ಲಿ ವರ್ಷಗಟ್ಟಲೆ ಸಾಲುವಷ್ಟು ದಾಸ್ತಾನಿರುತ್ತದೆ. ಅದು ಖಾಲಿಯಾಗುವವರೆಗೂ ನೀವು ಆರಾಮಾಗೇ ಇರುತ್ತೀರಿ. ಮೈ ಹೇಳುವ ಹೊತ್ತಿಗೆ ನರಕ್ಕೆ ಪೆಟ್ಟು ಬಿದ್ದಿರುತ್ತದೆ. ಹಾಗಾಗಿ ನಾನು ಟೆಸ್ಟ್ ಮಾಡಿಸುವುದು ಕ್ಯಾಲೆಂಡರ್ ನೋಡಿ, ಮೈ ನೋಡಿ ಅಲ್ಲ. ಪ್ರತಿ ವರ್ಷ ದೀಪಾವಳಿ ಮುಗಿದ ವಾರ.

"ಟೆಸ್ಟಿಗೆ ಹೋಗೋ ದಿನ ಬೆಳಿಗ್ಗೆ ಮಾತ್ರೆ ತಗೋಬೋದಾ?"

ವಿಟಮಿನ್ ಮಾತ್ರೆಗಳನ್ನು ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳಿ. ಕಬ್ಬಿಣವನ್ನು ಹಿಂದಿನ ದಿನವೇ ನಿಲ್ಲಿಸಿ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಎರಡು ಮೂರು ದಿನ ಮೊದಲೇ ಬಿಡಿ, ಅದು ಥೈರಾಯ್ಡ್‌ನಂಥ ಕೆಲವು ಪರೀಕ್ಷೆಗಳ ಫಲಿತಾಂಶವನ್ನೇ ಅಡಿಮೇಲು ಮಾಡುತ್ತದೆ. ಹೊಸನಗರದಿಂದ, ಸೊರಬದಿಂದ ಮೊದಲ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಶಿವಮೊಗ್ಗಕ್ಕೆ ಬರುವವರು ಬ್ಯಾಗಿನಲ್ಲಿ ಬೇಯಿಸಿದ ಮೊಟ್ಟೆಯೋ ಮಜ್ಜಿಗೆಯೋ ಇಟ್ಟುಕೊಳ್ಳಿ. ಮತ್ತೆ, ಸಾಧ್ಯವಾದರೆ ಪ್ರತಿ ವರ್ಷ ಒಂದೇ ಲ್ಯಾಬಿಗೆ ಹೋಗಿ, ಲ್ಯಾಬು ಬದಲಾದರೆ ಅಂಕಿಗಳನ್ನು ಹೋಲಿಸುವುದು ಕಷ್ಟ.

"ಕ್ಯಾಲ್ಸಿಯಂ ನಾರ್ಮಲ್, ರಕ್ತ 12.5 ಇದೆ. ಆದ್ರೂ ಡಾಕ್ಟ್ರು ಮಾತ್ರೆ ಜಾಸ್ತಿ ಮಾಡಿದ್ರು. ದುಡ್ಡು ಮಾಡೋಕಾ?"

ಅಡುಗೆ ಮನೆ ಡಬ್ಬದಲ್ಲಿ ಅಕ್ಕಿ ಯಾವಾಗಲೂ ತುಂಬಿರುತ್ತದೆ, ಯಾಕೆಂದರೆ ಕಣಜದಿಂದ ತೆಗೆದು ತುಂಬುತ್ತಿರುತ್ತೇವೆ. ಡಬ್ಬ ನೋಡಿ ಕಣಜ ಎಷ್ಟಿದೆ ಅಂತ ಹೇಳಲಾಗುವುದಿಲ್ಲ. ರಕ್ತದ ಕ್ಯಾಲ್ಸಿಯಂ ಡಬ್ಬ, ಮೂಳೆ ಕಣಜ. ಕ್ಯಾಲ್ಸಿಯಂ ಸಾಲದಾದಾಗ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳು ಪಿಟಿಎಚ್ ಹಾರ್ಮೋನು ಬಿಟ್ಟು ಮೂಳೆಯಿಂದ ಕ್ಯಾಲ್ಸಿಯಂ ತೆಗೆಸುತ್ತವೆ. ರಿಪೋರ್ಟಿನಲ್ಲಿ ಕ್ಯಾಲ್ಸಿಯಂ ನಾರ್ಮಲ್, ಪಿಟಿಎಚ್ ಜಾಸ್ತಿ ಅಂತಿದ್ದರೆ ಕಣಜ ಖಾಲಿಯಾಗುತ್ತಿದೆ ಅಂತ ಅನುಮಾನ ಪಡಬೇಕು.

ಕಬ್ಬಿಣದಲ್ಲೂ ಇದೇ. ಹಿಮೋಗ್ಲೋಬಿನ್ ಡಬ್ಬ, ಫೆರಿಟಿನ್ ಕಣಜ. ಹಿಮೋಗ್ಲೋಬಿನ್ ಇಳಿಯುವುದಕ್ಕೆ ಎಷ್ಟೋ ತಿಂಗಳು ಮೊದಲು ಫೆರಿಟಿನ್ ಇಳಿದಿರುತ್ತದೆ. 30ಕ್ಕಿಂತ ಕೆಳಗಿದ್ದರೆ ಕಬ್ಬಿಣದ ದಾಸ್ತಾನು ಮುಗಿಯುತ್ತಿದೆ ಎಂದೇ ಅರ್ಥ. ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳೇ ಏರುತ್ತದೆ, ಹಾಗಾಗಿ ಜ್ವರ ಬಿಟ್ಟ ಮೇಲೆ ಪರೀಕ್ಷೆ ಮಾಡಿಸಿ. ಮಾತ್ರೆಯಿಂದ ಏರದಿದ್ದರೆ ಡ್ರಿಪ್ಪಿನಲ್ಲಿ ಕಬ್ಬಿಣ ಕೊಡುತ್ತಾರೆ, ಹೆದರುವಂಥದ್ದೇನಲ್ಲ.

"ನಿಮಗೆ ಬಿ12 ಕಮ್ಮಿಯಾಗಿತ್ತಂತಲ್ಲ, ಹೇಗೆ ಗೊತ್ತಾಯ್ತು?"

ಮೂರನೇ ವರ್ಷ. ತೂಕ ಇಳಿದಿತ್ತು, ಚೆನ್ನಾಗಿದ್ದೆ. ಅಡಿಕೆ ಕೊನೆ ಕೊಯ್ಲಿನ ಗಡಿಬಿಡಿಯಲ್ಲಿ ಒಂದು ತಿಂಗಳ ಇಂಜೆಕ್ಷನ್ ತಪ್ಪಿತು. ಆಮೇಲೆ ತಪ್ಪಿದ್ದೇ ಅಭ್ಯಾಸ ಆಯಿತು. ವರ್ಷದ ಟೆಸ್ಟೂ ಬಿಟ್ಟೆ. ಮಳೆಗಾಲದಲ್ಲಿ ಒಂದು ದಿನ ತೋಟದಿಂದ ಮನೆಗೆ ಬಂದು ನೋಡಿದರೆ ಎಡಗಾಲಿನ ಚಪ್ಪಲಿ ಇಲ್ಲ. ಎಲ್ಲಿ ಜಾರಿತು ಅಂತಲೂ ಗೊತ್ತಾಗಿರಲಿಲ್ಲ. ನಮ್ಮಲ್ಲಿ ಹಳ್ಳ ದಾಟಲು ಎರಡು ಅಡಿಕೆ ಮರ ಹಾಕಿದ ಕಾಲುಸಂಕ ಇದೆ. ಚಿಕ್ಕಂದಿನಿಂದ ಅಂಥ ಸಂಕದ ಮೇಲೆ ಓಡಿದವಳು ನಾನು. ಆ ವಾರ ಪಾದ ಎಲ್ಲಿಟ್ಟಿದ್ದೇನೆ ಅಂತ ಕೆಳಗೆ ನೋಡದೆ ಗೊತ್ತಾಗುತ್ತಿರಲಿಲ್ಲ. ಸಂಜೆ ಕತ್ತಲಾದ ಮೇಲಂತೂ ದಾಟಲು ಆಗಲೇ ಇಲ್ಲ, ಯಜಮಾನರು ಬಂದು ಕೈ ಹಿಡಿದು ದಾಟಿಸಿದರು.

ಒಬ್ಬ ಡಾಕ್ಟರು ಕಾಲಿಗೆ ಹಚ್ಚಲು ಮುಲಾಮು ಕೊಟ್ಟರು. ಹಿಮೋಗ್ಲೋಬಿನ್ ಸರಿ ಇತ್ತು, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಫೋಲಿಕ್ ಆ್ಯಸಿಡ್ ನಾನು ತಪ್ಪದೆ ತೆಗೆದುಕೊಳ್ಳುತ್ತಿದ್ದೆ. ಬಿ12 ಕಮ್ಮಿಯಾದಾಗ ಬರಬೇಕಾದ ರಕ್ತಹೀನತೆಯನ್ನು ಅದು ಮುಚ್ಚಿಡುತ್ತದೆ, ಆದರೆ ನರವನ್ನು ಕಾಯುವುದಿಲ್ಲ. ಕೊನೆಗೆ ಘಟ್ಟ ಇಳಿದು ಮಣಿಪಾಲಕ್ಕೆ ಹೋದಾಗ ಬಿ12 140 ಬಂತು. ದಿನ ಬಿಟ್ಟು ದಿನ ಇಂಜೆಕ್ಷನ್, ಆಮೇಲೆ ವಾರಕ್ಕೊಂದು, ಈಗ ತಿಂಗಳಿಗೊಂದು. ನಡಿಗೆ ಸರಿಯಾಗಲು ಹತ್ತಿರ ಹತ್ತಿರ ವರ್ಷ ಹಿಡಿಯಿತು. ಎಡಗಾಲಿನ ಎರಡು ಬೆರಳು ಇವತ್ತಿಗೂ ಜೋಮು.

ಸಸ್ಯಾಹಾರಿಗಳು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಅವೆರಡೂ ಬಿ12 ಕಡಿಮೆ ಮಾಡುತ್ತವೆ.

## ಸ್ವಲ್ಪ ಗಂಭೀರವಾದವು

"ಆಪರೇಷನ್ ಆಗಿ ಒಂದೂವರೆ ತಿಂಗಳು. ತಿಂದಿದ್ದೆಲ್ಲಾ ವಾಂತಿ. ಗಂಜಿ ಕುಡಿಸ್ತಾ ಇದ್ದೀವಿ"

ಇದನ್ನು ಓದುತ್ತಾ ಕೂರಬೇಡಿ, ಸರ್ಜನ್‌ಗೆ ಫೋನ್ ಮಾಡಿ. ಬಿ1ರ ದಾಸ್ತಾನು ಮೈಯಲ್ಲಿ ಎರಡು ಮೂರು ವಾರಕ್ಕೆ ಆಗುವಷ್ಟೇ. ಬಿಡದೆ ವಾಂತಿಯಾದರೆ ಅದು ಖಾಲಿಯಾಗಿ ಮಿದುಳಿಗೇ ಪೆಟ್ಟಾಗಬಹುದು. ಕಣ್ಣು ಎರಡೆರಡು ಕಾಣುವುದು, ನಡೆಯುವಾಗ ತೂರಾಡುವುದು, ಮಾತು ಗೊಂದಲವಾಗುವುದು ಇದರ ಲಕ್ಷಣ. ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಗಂಜಿಯಲ್ಲಿ ಬಿ1 ಇಲ್ಲವೆಂದೇ ಹೇಳಬೇಕು. ಕುಚ್ಚಲಕ್ಕಿಯಲ್ಲಿ ಸ್ವಲ್ಪ ಇದ್ದರೂ ಈ ಹೊತ್ತಿಗೆ ಅದು ಔಷಧವಲ್ಲ.

ಊರಿನ ಆಸ್ಪತ್ರೆಯಲ್ಲಿ ಗ್ಲೂಕೋಸ್ ಡ್ರಿಪ್ ಹಾಕಲು ಹೊರಟರೆ, ಆಪರೇಷನ್ ಆಗಿದೆ ಅಂತ ಹೇಳಿ, ಮೊದಲು ಥಯಾಮಿನ್ ಇಂಜೆಕ್ಷನ್ ಕೊಡಬೇಕಲ್ವಾ ಅಂತ ಕೇಳಿ. ಬಿ1 ಇಲ್ಲದೆ ಗ್ಲೂಕೋಸ್ ಹೋದರೆ ಸ್ಥಿತಿ ಇನ್ನೂ ಕೆಡುತ್ತದೆ. ಇದಕ್ಕೆ ರಿಪೋರ್ಟ್ ಬರಲಿ ಅಂತ ಕಾಯುವುದಿಲ್ಲ, ಮೊದಲು ಚಿಕಿತ್ಸೆ.

"ನಾಲ್ಕನೇ ತಿಂಗಳು, ಕೂದಲು ಕೈಗೆ ಕೈಗೆ ಬರ್ತಿದೆ"

ಮೂರರಿಂದ ಆರು ತಿಂಗಳ ನಡುವೆ ಹೆಚ್ಚಿನವರಿಗೆ ಹೀಗಾಗುತ್ತದೆ, ತೂಕ ಬೇಗ ಇಳಿದದ್ದಕ್ಕೆ. ಮತ್ತೆ ಬರುತ್ತದೆ. ವರ್ಷವಾದರೂ ನಿಲ್ಲದಿದ್ದರೆ ಪ್ರೋಟೀನು, ಫೆರಿಟಿನ್, ಸತು, ಥೈರಾಯ್ಡ್ ನೋಡಿಸಿ.

"ಕೂದಲಿಗೆ ಅಂತ ಜಿಂಕ್ ಮಾತ್ರೆ ಎರಡು ವರ್ಷದಿಂದ ತಗೋತಿದ್ದೀನಿ, ಒಳ್ಳೇದೇ ಅಲ್ವಾ?"

ಸತು ಒಂದನ್ನೇ ಜಾಸ್ತಿ ದಿನ ತಿಂದರೆ ತಾಮ್ರ ಕೆಳಗಿಳಿಯುತ್ತದೆ. ತಾಮ್ರ ಕಡಿಮೆಯಾದರೆ ಬರುವುದೂ ಕಾಲು ಜೋಮು, ತೂರಾಟ, ರಕ್ತಹೀನತೆ, ಥೇಟ್ ಬಿ12 ಕೊರತೆಯ ಹಾಗೇ. ಬಿ12 ಕೊಟ್ಟರೂ ಕಾಲು ಸರಿಯಾಗುತ್ತಿಲ್ಲ ಅನ್ನುವವರು ತಾಮ್ರ ಪರೀಕ್ಷೆ ಮಾಡಿಸಿ. 8ರಿಂದ 15 ಮಿಲಿಗ್ರಾಂ ಸತುವಿಗೆ 1 ಮಿಲಿಗ್ರಾಂ ತಾಮ್ರ ಜೊತೆಗಿರಬೇಕು. ತಾಮ್ರದ ಚೊಂಬಿನ ನೀರು ಈ ಲೆಕ್ಕಕ್ಕೆ ಬರುವುದಿಲ್ಲ.

"ಮಗಳಿಗೆ ಆಪರೇಷನ್ ಆಗಿ ಎಂಟು ತಿಂಗಳು, ಮದುವೆ ಆಗಿದೆ. ಬಸುರಿ ಆದ್ರೆ?"

ಹನ್ನೆರಡರಿಂದ ಹದಿನೆಂಟು ತಿಂಗಳು ಕಾಯಲು ಹೇಳುತ್ತಾರೆ. ತೂಕ ಇಳಿದ ಮೇಲೆ ಗರ್ಭ ಬೇಗ ನಿಲ್ಲುತ್ತದೆ. ಬೈಪಾಸ್ ಆದವರಿಗೆ ಬಾಯಿಂದ ನುಂಗುವ ಗರ್ಭನಿರೋಧಕ ಮಾತ್ರೆಯನ್ನು ಪೂರ್ತಿ ನಂಬಲಾಗದು, ಬೇರೆ ವಿಧಾನ ಕೇಳಿಕೊಳ್ಳಿ. ಈಗಾಗಲೇ ನಿಂತಿದ್ದರೆ ಗಾಬರಿ ಬೇಡ, ಡಾಕ್ಟರಿಗೆ ಕೂಡಲೇ ತಿಳಿಸಿ. ಮಾತ್ರೆಯಲ್ಲಿರುವ ವಿಟಮಿನ್ ಎ ರೆಟಿನಾಲ್ ರೂಪದ್ದಾದರೆ ಬೀಟಾ ಕ್ಯಾರೋಟಿನ್‌ಗೆ ಬದಲಿಸುತ್ತಾರೆ. ಮೂರು ಮೂರು ತಿಂಗಳಿಗೆ ರಕ್ತ ಪರೀಕ್ಷೆ. ಸಕ್ಕರೆ ನೋಡಲು ಗ್ಲೂಕೋಸ್ ನೀರು ಕುಡಿಸುವ ಪರೀಕ್ಷೆ ಬೈಪಾಸ್ ಆದವರಿಗೆ ಆಗಿಬರುವುದಿಲ್ಲ. ಬೆವರು, ಎದೆಬಡಿತ, ಭೇದಿ ಶುರುವಾಗಬಹುದು. ಅದರ ಬದಲು ವಾರವಿಡೀ ಬೆರಳು ಚುಚ್ಚಿ ಮನೆಯಲ್ಲೇ ನೋಡಿಕೊಳ್ಳುವುದುಂಟು.

"ಆಪರೇಷನ್ ಆಗಿದ್ದು ಬೆಂಗಳೂರಲ್ಲಿ. ಇಲ್ಲಿ ಡಾಕ್ಟ್ರಿಗೆ ಬೈಪಾಸ್ ಅಂದ್ರೆ ಹಾರ್ಟಾ ಅಂತಾರೆ. ಏನು ಹೇಳ್ಬೇಕು?"

ನನಗೂ ಎರಡು ಸಲ ಇಸಿಜಿ ಮಾಡಿದ್ದಾರೆ! ಅದಕ್ಕೇ ಒಂದು ನೂರು ಪುಟದ ಪುಸ್ತಕ ಇಟ್ಟಿದ್ದೇನೆ. ಮೊದಲ ಪುಟದಲ್ಲಿ ದೊಡ್ಡದಾಗಿ 'ಹೊಟ್ಟೆಯ ಬೈಪಾಸ್', ದಿನಾಂಕ, ಸರ್ಜನ್ ಫೋನ್ ನಂಬರು. ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಸಾಲು: ವಾಂತಿ ಇದ್ದರೆ ಗ್ಲೂಕೋಸ್‌ಗೆ ಮೊದಲು ಥಯಾಮಿನ್. ಡೈಕ್ಲೋಫಿನಾಕ್, ಐಬುಪ್ರೊಫೇನ್ ತರಹದ ನೋವಿನ ಮಾತ್ರೆ ಬೇಡ, ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ. ಎರಡನೇ ಪುಟದಲ್ಲಿ ಮಾತ್ರೆಗಳ ಹೆಸರು, ಹೊತ್ತು. ಮೂರನೇ ಪುಟದಿಂದ ಗೆರೆ ಎಳೆದು ವರ್ಷವಾರು ಅಂಕಿ: ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಡಿ, ಪಿಟಿಎಚ್. ಮೂರನೇ ವರ್ಷದ ಮನೆ ಖಾಲಿ ಇದೆ. ಅದನ್ನು ನೋಡಿದ ಪ್ರತಿ ಡಾಕ್ಟರೂ ಕೇಳುತ್ತಾರೆ, ಇದ್ಯಾಕೆ ಬರೆದಿಲ್ಲ ಅಂತ.